ಕೊನೆಗೆ ಬೇಯುವ ಕೋಳಿ ತೊಡೆ

ನನ್ನ ನಾದಿನಿ ನರಸಿಂಹಮ್ಮ ಕರಿದ ಕೋಳಿಯನ್ನು ಕಡಿದರೆ ಪಕ್ಕದ ಮನೆಯವರಿಗೂ ಸದ್ದು ಕೇಳುತ್ತಿತ್ತು ಎಂದರೆ ಈಗಿನವರು ನಗುತ್ತಾರೆ. ನಗಲಿ ಬಿಡಿ. ಆದರೆ ಆ ಕೈರುಚಿಯನ್ನು ಮಾತ್ರ ಹೊಗಳಿ, ಆ ಕೈ ತಿಂದ ಏಟನ್ನು ಹೇಳದೆ ಹೋದರೆ ನನ್ನ ಬಾಯಿಗೆ ಹುಳ ಬೀಳಲಿ. ಅವಳ ಎಡಗೈಯ ಮೂರು ಬೆರಳು ಒಳಕ್ಕೆ ಮಡಚಿಕೊಂಡು ನಿಂತುಬಿಟ್ಟಿದ್ದವು. ಗುಬ್ಬಿ ಸಂತೆಯಲ್ಲಿ ಯಾರಾದರೂ ಏನಾಯಿತು ಎಂದು ಕೇಳಿದರೆ ಅವಳು ಸೆರಗು ಮುಚ್ಚಿಕೊಳ್ಳುತ್ತಿದ್ದಳು. ನನಗೇನು ನಾಚಿಕೆ? ನಾನು ಹೇಳುತ್ತೇನೆ.

ಅವಳನ್ನು ಕುಣಿಗಲ್ಲಿಗೆ ಕೊಟ್ಟದ್ದು ಎಪ್ಪತ್ತೊಂದರಲ್ಲಿ. ಗಂಡ ಅಂಜನಮೂರ್ತಿ ಲಾರಿ ಡ್ರೈವರು. ನೋಡಲು ಲಕ್ಷಣವಾಗಿದ್ದ, ಮಾತೂ ನಯ. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಹೊಡೆಯುತ್ತಿದ್ದ, ಕಡಿಮೆಯಾದರೂ ಹೊಡೆಯುತ್ತಿದ್ದ. ಪಕ್ಕದ ಮನೆಯಲ್ಲಿ ಯಲ್ಲಯ್ಯ ಎಂಬ ಮುದುಕರಿದ್ದರು. ಮಿಲಿಟರಿ ಮೆಸ್ಸಿನಲ್ಲಿ ಅಡಿಗೆ ಮಾಡಿ ಪೆನ್ಷನ್ ಪಡೆದು ಬಂದವರು. ಗರಿಗರಿಯಾಗಿ ಕೋಳಿ ಕರಿಯುವುದನ್ನು ಅವಳಿಗೆ ಕಲಿಸಿದವರು ಅವರೇ, ಕಾಂಪೌಂಡಿನ ಆಚೆ ಕುರ್ಚಿ ಹಾಕಿಕೊಂಡು ಕೂತು. ಮೊದಲ ಸಲ ಮಾಡಿದ ದಿನ ಅಂಜನಮೂರ್ತಿ ತಟ್ಟೆಯಲ್ಲಿ ಒಂದು ಚೂರೂ ಬಿಡದೆ ತಿಂದ. ಆಮೇಲೆ ಕೈ ತೊಳೆಯುತ್ತ ಕೇಳಿದ.

“ಯಾವನೇ ಹೇಳ್ಕೊಟ್ಟೋನು?”

ಅವಳು ಯಲ್ಲಯ್ಯನ ಹೆಸರು ಹೇಳಿದಳು. ಅವನು ಒಲೆಯ ಮೇಲೆ ಇನ್ನೂ ಕಾಯುತ್ತಿದ್ದ ಬಾಣಲೆಯಿಂದ ಜಾಲರಿ ಸೌಟನ್ನು ತೆಗೆದು ಅವಳ ಭುಜಕ್ಕೆ ಒತ್ತಿದ. ಎಪ್ಪತ್ತು ವರ್ಷದ ಮುದುಕನ ಮೇಲೆ ಅನುಮಾನ, ಥೂ. ಆ ತೂತು ತೂತಿನ ಗುರುತನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಎಪ್ಪತ್ತೊಂಬತ್ತರಲ್ಲಿ ಲಾರಿಯ ಜಾಕಿ ರಾಡಿನಿಂದ ಹೊಡೆದು ಅವಳ ಎಡಗೈ ಮುರಿದ. ತುಮಕೂರಿನ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಅವಳು ನೇರವಾಗಿ ಹಾಗಲವಾಡಿಯ ಹತ್ತಿರದ ನಮ್ಮ ಊರಿಗೆ ಬಂದಳು. ನನ್ನ ಗಂಡ ದೊಡ್ಡರಂಗಯ್ಯ ಅವಳ ಸ್ವಂತ ಅಣ್ಣ. ಕೆಟ್ಟವರಲ್ಲ, ಆದರೆ ನಾಲ್ಕು ಜನ ಏನಂದಾರು ಎಂಬ ಭಯ ಅವರಿಗೆ ಹುಟ್ಟಿನಿಂದ ಬಂದದ್ದು. ನಾನು ದಿನಾ ಜಗಳ ಆಡಿದೆ.

“ಗಂಡ ಅಂದ್ಮೇಲೆ ಒಂದೇಟು ಹೊಡೀತಾನೆ. ಅಷ್ಟಕ್ಕೆ ಸಂಸಾರ ಬುಡಕ್ಕಾಯ್ತದಾ? ಇವ್ಳ ಬಾಯೂ ಜೋರು ಕಣೇ,” ಎಂದರು. ಅವನು ಹೊಡೆಯುವುದನ್ನು ಅವರು ಎಂದೂ ನೋಡಿರಲಿಲ್ಲವಲ್ಲ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ. ತವರಿಗೆ ಬಂದು ಕೂತವಳನ್ನು ಕರೆದೊಯ್ಯಲು ಗಂಡ ಬಂದರೆ ಕೋಳಿ ಕುಯ್ಯಬೇಕು. ಎರಡು ತೊಡೆಯನ್ನೂ ಮನೆಯ ಯಜಮಾನ ತನ್ನ ಕೈಯಿಂದಲೇ ಮೊದಲು ಅಳಿಯನ ಎಲೆಗೆ ಹಾಕಬೇಕು. ಹಾಕಿದರೆ ಹೆಣ್ಣನ್ನು ಕಳಿಸಲು ಒಪ್ಪಿದ ಹಾಗೆ. ಕತ್ತು, ಬೆನ್ನು ಹೆಂಗಸರ ಪಾಲು. ಹೋಗುತ್ತೀಯಾ ಎಂದು ಹೆಣ್ಣನ್ನು ಯಾರೂ ಕೇಳುವುದಿಲ್ಲ, ಕೋಳಿಯನ್ನು ಕೇಳದ ಹಾಗೆ.

ಪ್ಲಾಸ್ಟರ್ ಬಿಚ್ಚಿಸಿದ ಎರಡನೇ ಭಾನುವಾರ ಅಂಜನಮೂರ್ತಿ ಬಂದ. ಹೂವು, ಸ್ವೀಟು ತಂದಿದ್ದ. ಬಾಯಲ್ಲಿ ಸಾರಾಯಿ ವಾಸನೆ. ನನ್ನ ಗಂಡ ಹಿತ್ತಲಿಗೆ ಬಂದು ಮೊಟ್ಟೆಯಿಡುವ ಒಂದು ಯಾಟೆಕೋಳಿ ಹಿಡಿದು, ರೆಕ್ಕೆಯ ಮೇಲೆ ಕಾಲಿಟ್ಟು ಕತ್ತು ಕುಯ್ದರು. ಅದು ತಲೆಯಿಲ್ಲದೆ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಬಡಿದುಕೊಂಡು ರಕ್ತ ಚೆಲ್ಲಿತು.

“ಅವ್ಳ ಕೈಲೇ ಕರಿಸು. ಅವ್ನಿಗೆ ಅದೇ ಇಷ್ಟವಂತೆ. ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಡ್ಲಿ ಇಬ್ರೂ,” ಎಂದು ಮಚ್ಚು ತೊಳೆದು ಹೋದರು.

ನರಸಿಂಹಮ್ಮ ಪುಕ್ಕ ಕೀಳುತ್ತ, ತಲೆ ಎತ್ತದೆ ಹೇಳಿದಳು. “ಅತ್ತಿಗೆ, ಈ ಸಲ ಹೋದ್ರೆ ನಾನು ಬದುಕಿ ಬರಲ್ಲ.”

ನಾನೂ ಅವಳ ಪಕ್ಕ ಕೂತು ಪುಕ್ಕ ಕಿತ್ತೆ.

ಅವಳು ಕೆಲಸದಲ್ಲಿ ಅವಸರ ಮಾಡಿದವಳೇ ಅಲ್ಲ. ನಾಟಿ ಕೋಳಿ ಗಟ್ಟಿ ಎಂದು ಮೊದಲು ಅರಿಶಿನ ಉಪ್ಪಿನಲ್ಲಿ ಅರೆಬೇಯಿಸಿದಳು. ಬಟ್ಟೆಯ ಮೇಲೆ ಹರಡಿ ನೀರು ಆರಿಸಿದಳು. ಹುಳಿ ಮೊಸರು, ಬೆಳ್ಳುಳ್ಳಿ, ಖಾರದಪುಡಿಯಲ್ಲಿ ಎರಡು ಗಂಟೆ ನೆನೆಹಾಕಿದಳು. ಅಕ್ಕಿ ಹಿಟ್ಟಿಗೆ ಒಂದು ಹಿಡಿ ಮೈದಾ ಸೇರಿಸಿ, ಮೇಲೆ ಮಜ್ಜಿಗೆ ಚಿಮುಕಿಸಿ, ಹಿಟ್ಟು ಹರಳು ಹರಳಾದ ಮೇಲೆ ತುಂಡುಗಳನ್ನು ಅದರಲ್ಲಿ ಒತ್ತಿ ಒತ್ತಿ ಹೊರಳಿಸಿದಳು. ಹಿಟ್ಟು ಹತ್ತಿದ ಮೇಲೆ ಯಾವುದು ಕತ್ತು, ಯಾವುದು ರೆಕ್ಕೆ ಎಂದು ಗಂಡಸರಿಗೆ ಗೊತ್ತಾಗುವ ಹಾಗಿರಲಿಲ್ಲ. ದೊಡ್ಡ ಉರಿಯಲ್ಲಿ ಸಣ್ಣ ತುಂಡುಗಳನ್ನೆಲ್ಲ ಕರಿದು ತಟ್ಟೆಗೆ ಹಾಕಿ, ಒಲೆಯಿಂದ ಎರಡು ಸೌದೆ ಹೊರಗೆಳೆದಳು.

“ತೊಡೆ ಕೊನೆಗೆ ಅತ್ತಿಗೆ, ಸಣ್ಣ ಉರೀಲಿ. ಅವಸರ ಮಾಡಿದ್ರೆ ಮೇಲೆ ಕರಿಕಲು, ಒಳ್ಗೆ ರಕ್ತ,” ಎಂದು ಎರಡು ತೊಡೆಯನ್ನೂ ಎಣ್ಣೆಗೆ ಬಿಟ್ಟಳು.

ಅಷ್ಟರಲ್ಲಿ ಅಳಿಯ ಎಲೆಯ ಮುಂದೆ ಕೂತು ಕೆಮ್ಮಿದ. ನನ್ನ ಗಂಡ ಒಳಗೆ ಬಂದು ತಟ್ಟೆಯನ್ನೇ ಎತ್ತಿಕೊಂಡರು. ಅದರಲ್ಲಿ ದಪ್ಪಗೆ ಕಂಡ ಎರಡು ತುಂಡನ್ನು ತೊಡೆ ಎಂದುಕೊಂಡು, ಕೈಯಾರೆ ಅವನ ಎಲೆಗೆ ಹಾಕಿದರು. ನಾನು ನೋಡಿದೆ. ತೊಡೆ ಇನ್ನೂ ಬಾಣಲೆಯಲ್ಲಿತ್ತು. ನಾನು ಬಾಯಿ ಬಿಡಲಿಲ್ಲ. ಹಾಳಾದವನು ಬೆನ್ನು ಕಡಿಯಲಿ, ಮರ್ಯಾದೆ ಹೋಗಲಿ, ಸಿಟ್ಟಾಗಿ ಒಬ್ಬನೇ ಎದ್ದು ಹೋಗಲಿ ಎಂದುಕೊಂಡೆ. ಆ ಮೌನಕ್ಕೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

ಅವನು ಕಡಿದ. ಹಿಟ್ಟು ಒಡೆದು ಬೆನ್ನುಮೂಳೆ ಕಾಣಿಸಿತು. ಎರಡನೆಯದನ್ನು ಕಡಿದ. ಕತ್ತು.

“ಏನ್ ಭಾವ, ನಂಗೆ ಹೆಂಗಸ್ರ ಪಾಲು ಹಾಕ್ತೀರಾ?”

ನನ್ನ ಗಂಡ ತಬ್ಬಿಬ್ಬಾದರು. “ಇಲ್ಲ ಮೂರ್ತಿ, ಗೊತ್ತಾಗ್ಲಿಲ್ಲ...”

ಅವನು ಎಲೆಯನ್ನು ಒದ್ದು ಎದ್ದು ಅಡಿಗೆಮನೆಗೆ ನುಗ್ಗಿದ. “ತೊಡೆ ಎಲ್ಲೇ?”

“ಬೇಯ್ತಾ ಇದೆ,” ಎಂದಳು ಅವಳು.

ಜುಟ್ಟು ಹಿಡಿದು ಅವಳ ತಲೆಯನ್ನು ಗೋಡೆಗೆ ಬಡಿದ. ಮತ್ತೆ ಬಡಿದ. ಹುಬ್ಬು ಸೀಳಿ ರಕ್ತ ಕಣ್ಣಿಗೆ ಇಳಿಯಿತು. ಅವಳು ಬಿದ್ದಾಗ ಪಕ್ಕೆಗೆ ಒದ್ದ. ನಾನು ಅವನ ಬೆನ್ನಿಗೆ ಜೋತುಬಿದ್ದು ಕಿವಿ ಕಚ್ಚಿದೆ. ಮೊಣಕೈಯಿಂದ ನನ್ನ ಬಾಯಿಗೆ ಗುದ್ದಿದ. ಒಂದು ಹಲ್ಲು ಕೈಗೆ ಬಂತು.

“ಈ ಕೈಯಲ್ವೇನೇ ಮಾಡಿದ್ದು?” ಎನ್ನುತ್ತ, ಆಗತಾನೆ ಕೂಡಿಕೊಂಡಿದ್ದ ಅವಳ ಎಡಗೈಯನ್ನು ತಿರುಚಿ ಎಳೆದು, ಬೆರಳುಗಳನ್ನು ಬಾಣಲೆಗೆ ಅದ್ದಿದ.

ಅವಳ ಆ ಕೂಗು ಮನುಷ್ಯರ ಕೂಗಿನ ಹಾಗಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನ ಕೈಯಿಂದ ತಟ್ಟೆ ಬಿತ್ತು. ಅವಳು ಒಲೆಯಿಂದ ಹೊರಗೆಳೆದಿದ್ದ ಸೌದೆ ಅಲ್ಲೇ ಹೊಗೆಯಾಡುತ್ತಿತ್ತು. ಅದನ್ನೆತ್ತಿ ಅವನ ಮೊಣಕಾಲಿಗೆ ಬಾರಿಸಿದರು. ಅವನು ಕುಸಿದ. ಬೆನ್ನಿಗೆ, ತೋಳಿಗೆ, ದವಡೆಗೆ, ಸೌದೆ ಎರಡು ತುಂಡಾಗುವ ತನಕ ಹೊಡೆದರು. ಹೊಡೆಯುತ್ತ ಅಳುತ್ತಿದ್ದರು. ಸಾಯಿಸಿಬಿಡಲಿ ಎಂದೇ ನನಗಿತ್ತು, ಸುಳ್ಳು ಯಾಕೆ ಹೇಳಲಿ. ಕೊನೆಗೆ ಅವನ ಕಾಲು ಹಿಡಿದು ಹೊಸ್ತಿಲು ದಾಟಿಸಿ ಬೀದಿಗೆ ಎಳೆದು ಹಾಕಿದರು.

“ಇನ್ನೊಂದ್ ಸಲ ಈ ಕಡೆ ಬಂದ್ರೆ ನಿನ್ ಹೆಣ ಹೋಗ್ತದೆ ಕಣ್ಲಾ.”

ಅವನು ಚಪ್ಪಲಿಯನ್ನೂ ಬಿಟ್ಟು, ಕುಂಟುತ್ತ ಬಸ್ಸಿನ ರಸ್ತೆ ಹಿಡಿದ. ಮತ್ತೆ ಬರಲಿಲ್ಲ.

ಒಳಗೆ ನಾನು ಅವಳ ಕೈಯನ್ನು ತಣ್ಣೀರಿನ ಪಾತ್ರೆಯಲ್ಲಿ ಮುಳುಗಿಸಿ ಹಿಡಿದಿದ್ದೆ. ಚರ್ಮ ಎದ್ದು ನೀರಲ್ಲಿ ತೇಲುತ್ತಿತ್ತು. ಆಸ್ಪತ್ರೆಗೆ ಹೋಗಲು ಗಾಡಿ ಕಟ್ಟಿ ಎಂದು ಪಕ್ಕದ ಮನೆಯವರಿಗೆ ಕೂಗಿ ಹೇಳಿ, ನನ್ನ ಗಂಡ ಬಂದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಸಣ್ಣ ಉರಿಯಲ್ಲಿ ತೊಡೆಗಳು ಇನ್ನೂ ಬೇಯುತ್ತಿದ್ದವು. ಸೌಟು ತೆಗೆದುಕೊಂಡರು.

“ತಡಿ ಅಣ್ಣ,” ಎಂದಳು ನರಸಿಂಹಮ್ಮ, ಗೋಡೆಗೆ ಒರಗಿಕೊಂಡೇ. “ಎಣ್ಣೆ ಗುಳ್ಳೆ ನಿಲ್ಲಲಿ.”

ಅವರು ಕಾದರು. ಗುಳ್ಳೆ ನಿಂತ ಮೇಲೆ ಎರಡನ್ನೂ ತೆಗೆದು, ಹೊಸ ಎಲೆ ಹಾಸಿ, ತಂಗಿಯ ಮುಂದೆ ಇಟ್ಟರು.

“ತಿನ್ನವ್ವ,” ಎಂದರು.

ಮೂವತ್ತು ದಾಟಿದ ಹೆಂಗಸು. ಎಷ್ಟು ಕೋಳಿ ಕರಿದಿದ್ದಳೋ, ಒಂದು ತೊಡೆಯನ್ನೂ ಬಾಯಿಗಿಟ್ಟವಳಲ್ಲ. ಎಡಗೈ ನೀರಿನಲ್ಲಿಟ್ಟುಕೊಂಡೇ ಬಲಗೈಯಿಂದ ಎತ್ತಿ, ರಕ್ತ ಒರೆಸಿಕೊಂಡು, ಕಚ್ಚಿದಳು. ಅವಳು ಕಡಿಯುವ ಸದ್ದು ಮಾತ್ರ ಕೇಳುತ್ತಿತ್ತು.