ಬೆಳೆಯೋ ಹುಡುಗನ ಪ್ಯಾಂಟು

ದೊಡ್ಡವರೆಲ್ಲ ಹೇಗೆ ಸತ್ತರು ಎಂಬ ಕಥೆ ಹಳೆಯದು, ಹೇಳಿ ಹೇಳಿ ಬಾಯಿ ನೋಯುತ್ತದೆ. ಒಂದು ಹಾಳು ಜ್ವರ ಬಂತು, ಮಕ್ಕಳನ್ನು ಬಿಟ್ಟು ಉಳಿದವರನ್ನೆಲ್ಲ ಬಾಚಿಕೊಂಡು ಹೋಯಿತು, ಅಷ್ಟೇ. ಯಾರೂ ಹೇಳದೆ ಬಿಟ್ಟಿರುವುದು ಆಮೇಲಿನದನ್ನು. ಉಳಿದ ಮಕ್ಕಳು ಬದುಕುವುದಕ್ಕಾಗಿ ಏನೇನು ಮಾಡಿದರು ಎಂಬುದನ್ನು. ಅದರಲ್ಲಿ ಸೂಜಿಯ ಪಾಲಿನದು ಇಷ್ಟು.

ಸೂಜಿ ಅವಳ ಹೆಸರಲ್ಲ. ಹೇಳಿಕೇಳಿ ಟೈಲರ್ ಮಗಳು, ಕೈಯಲ್ಲಿ ಸದಾ ಸೂಜಿ, ಮೈಯೂ ಸೂಜಿಯಷ್ಟೇ ದಪ್ಪ. ಮಕ್ಕಳು ಸುಮ್ಮನೆ ಬಿಡುತ್ತವೆಯೇ? ಅವಳ ಅಮ್ಮನ ಅಂಗಡಿಗೆ ಬಂದ ತಾಯಂದಿರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಬೆಳೆಯೋ ಮಗು, ಸ್ವಲ್ಪ ಲೂಸಾಗೇ ಹೊಲೀರಿ." ಅಮ್ಮ ಪ್ಯಾಂಟಿನ ಕಾಲ ತುದಿಯಲ್ಲಿ ನಾಲ್ಕು ಬೆರಳು ಬಟ್ಟೆ ಹೆಚ್ಚು ಬಿಟ್ಟು ಒಳಗೆ ಮಡಚಿ ಹೊಲಿಯುತ್ತಿದ್ದಳು. ಮಗು ಉದ್ದವಾದಂತೆ ಮಡಿಕೆ ಬಿಚ್ಚಿದರಾಯಿತು.

ಈಗ ಬೆಳೆಯುವುದೇ ಅಪರಾಧ. ಹಳೆಯ ಶಾಲೆಯೊಂದರಲ್ಲಿ ಸೇರಿಕೊಂಡಿದ್ದ ಮಕ್ಕಳಲ್ಲಿ, ಮೀಸೆ ಚಿಗುರುತ್ತಿದ್ದ ಇಬ್ಬರು ಹುಡುಗರು ಅದೇ ಜ್ವರ ಬಂದು ತೀರಿಕೊಂಡಿದ್ದರು. ದೊಡ್ಡವರಾದರೆ ಜ್ವರ, ಜ್ವರ ಬಂದರೆ ಎಲ್ಲರಿಗೂ ಕುತ್ತು. ಮಕ್ಕಳ ಲೆಕ್ಕ ಅಷ್ಟೇ. ಗೇಟಿನ ಕೀಲಿ ಇಟ್ಟುಕೊಂಡಿದ್ದ ಹುಡುಗನಿಗೆ ಬೀಗ ಎಂದೇ ಹೆಸರು. ಅವನು ಊಟದ ಕೋಣೆಯ ಬಾಗಿಲಿಗೆ ಅಡ್ಡಲಾಗಿ ದಾರ ಕಟ್ಟಿಸಿದ. ತಲೆ ದಾರಕ್ಕೆ ತಾಗಿದವರು ಗೇಟಿನಿಂದಾಚೆ. ಹೋದವರು ಒಬ್ಬರೂ ತಿರುಗಿ ಬರಲಿಲ್ಲ. ದಾರ ಸೂಜಿಯದೇ, ಕಟ್ಟಿದ್ದೂ ಅವಳೇ. ಆಗ ಅವಳ ತಮ್ಮ ಅವಳ ಸೊಂಟಕ್ಕೂ ಬರುತ್ತಿರಲಿಲ್ಲ. ಆ ಶಾಲೆಯಲ್ಲಿ ಎಲ್ಲಕ್ಕಿಂತ ಕೆಟ್ಟ ಬೈಗುಳ "ದೊಡ್ಡವನಾಗು" ಎಂಬುದು. ಅದನ್ನು ಕೇಳಿದರೆ ಚಿಕ್ಕವು ಹೋ ಎಂದು ಅಳುತ್ತಿದ್ದವು.

ವಯಸ್ಸಿನಲ್ಲಿ ಅಲ್ಲಿದ್ದವರಿಗೆಲ್ಲ ಹಿರಿಯಳು ಸೂಜಿಯೇ. ಆದರೆ ಕುಳ್ಳಿ, ದಾರಕ್ಕಿಂತ ಒಂದು ಗೇಣು ಕೆಳಗೇ ನಿಂತುಬಿಟ್ಟಿದ್ದಳು. ವಯಸ್ಸಿನ ವಿಷಯ ಬಾಯಿ ಬಿಡಲಿಲ್ಲ. ತಾನು ಆಚೆ ಹೋದರೆ ತಮ್ಮನಿಗೆ ದಿಕ್ಕು ಯಾರು?

ತಮ್ಮನ ಹೆಸರು ಪುಟ್ಟ. ಹಾಗೆ ಕರೆದ ಗಳಿಗೆ ಎಂಥದೋ, ಹನ್ನೊಂದು ತುಂಬುವ ಮೊದಲೇ ಅಪ್ಪನ ಎತ್ತರ ಅವನನ್ನು ಹುಡುಕಿಕೊಂಡು ಬಂತು. ಹೊಟ್ಟೆಗಿಲ್ಲದಿದ್ದರೆ ಬೆಳೆಯಲಾರ ಎಂದುಕೊಂಡು ಸೂಜಿ ಅವನ ತಟ್ಟೆಯಿಂದ ಅರ್ಧ ತೆಗೆದು ಚಿಕ್ಕವರಿಗೆ ಹಂಚತೊಡಗಿದಳು. ಅವನು ತಟ್ಟೆ ನೆಕ್ಕುವುದನ್ನು ನೋಡಲಾಗದೆ ಮುಖ ತಿರುಗಿಸುತ್ತಿದ್ದಳು. ಪಾಪಿ ಹುಡುಗ, ಹಸಿವಿನಲ್ಲೂ ಬೆಳೆದ.

ಆಗ ಅವಳು ಕಿಟಕಿಯ ನೀಲಿ ಪರದೆ ಕತ್ತರಿಸಿ ಅವನಿಗೊಂದು ದೊಗಳೆ ಪ್ಯಾಂಟು ಹೊಲಿದಳು. ಅದರೊಳಗೆ ಮೊಣಕಾಲು ಬಗ್ಗಿಸಿಕೊಂಡೇ ನಡೆಯುವುದನ್ನು ಕಲಿಸಿದಳು. ಹುಡುಗ ಬಾತುಕೋಳಿಯ ಹಾಗೆ ನಡೆದ, ಮಕ್ಕಳು ನಕ್ಕವು. ನಗಲಿ, ಜೀವ ಉಳಿದರೆ ಸಾಕು. ಕಾಲು ಉದ್ದವಾದಂತೆ ಅವಳು ಮಡಿಕೆ ಬಿಚ್ಚಿದಳು. ಒಮ್ಮೆ, ಮತ್ತೊಮ್ಮೆ.

ಎಡವಟ್ಟಾದದ್ದು ಅಲ್ಲೇ. ಮಡಿಕೆ ಬಿಚ್ಚಿದರೂ ಅದರ ಗುರುತು ಹೋಗುವುದಿಲ್ಲ. ಬಿಸಿಲಿಗೆ ಮಾಸಿದ ಬಟ್ಟೆಯ ಕೆಳಗೆ, ಒಳಗೆ ಅಡಗಿದ್ದ ಬಟ್ಟೆ ಹೊಚ್ಚ ಹೊಸ ನೀಲಿ. ಅಮ್ಮನಾಗಿದ್ದರೆ ಮೇಲೊಂದು ಪಟ್ಟಿ ಕೊಟ್ಟು ಮುಚ್ಚುತ್ತಿದ್ದಳು. ಸೂಜಿಯ ಹತ್ತಿರ ತುಂಡು ಬಟ್ಟೆಯೂ ಇರಲಿಲ್ಲ.

ಅಳತೆಯ ದಿನ ಪುಟ್ಟ ದಾರಕ್ಕೆ ತಾಗದೆ ದಾಟಿದ. ಸೂಜಿ ಉಸಿರು ಬಿಟ್ಟಳು. ಬೀಗ ಯಾವಾಗಲೂ ಸ್ಟೂಲಿನ ಮೇಲೆ ಕೂತೇ ಅಳತೆ ನೋಡುತ್ತಿದ್ದ. ಅವನನ್ನು ಅಳೆಯುವ ಧೈರ್ಯ ಯಾರಿಗಿತ್ತು? ಕೂತವನ ಕಣ್ಣು ನೇರ ಪುಟ್ಟನ ಕಾಲಿನ ಮೇಲೆ ಬಿತ್ತು. ಮಾಸಲು, ಅದರ ಕೆಳಗೊಂದು ನೀಲಿ, ಅದರ ಕೆಳಗೆ ಇನ್ನೂ ಗಾಢ ನೀಲಿ. ಅವನು ಪುಟ್ಟನನ್ನು ವಾಪಸ್ ಕರೆದು ದಾರದ ಕೆಳಗೆ ನೆಟ್ಟಗೆ ನಿಲ್ಲಿಸಿದ. ದಾರ ಹಣೆಗೆ ಬಡಿಯಿತು.

ಸೂಜಿ ಇನ್ನು ಮುಚ್ಚಿಡಲಿಲ್ಲ.

"ನಿಮ್ಮೆಲ್ಲರಿಗಿಂತ ನಾನೇ ದೊಡ್ಡವಳು ಕಣ್ರೋ. ನಂಗೇನಾಗಿದೆ? ಈ ದಾರಕ್ಕೂ ಜ್ವರಕ್ಕೂ ಏನೂ ಸಂಬಂಧ ಇಲ್ಲ."

ಅರ್ಥ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದಳು. ಅವಳೇ ಗುಂಡಿ ಹಚ್ಚಿಕೊಟ್ಟ ಅಂಗಿ ತೊಟ್ಟ ಮಕ್ಕಳು ಮೂಗು ಬಾಯಿ ಮುಚ್ಚಿಕೊಂಡು ಗೋಡೆಗೆ ಸರಿದರು.

ಅಕ್ಕ ತಮ್ಮ ಉಟ್ಟ ಬಟ್ಟೆಯಲ್ಲೇ ಹೊರಬಿದ್ದರು. ಗೇಟು ತೆಗೆಯುವಾಗ ಬೀಗ ಸೂಜಿಯ ಕಣ್ಣು ತಪ್ಪಿಸಿದ. ಅವನ ಅಂಗಿಯ ಹೊಲಿಗೆಯನ್ನು ಸೂಜಿಯೇ ಎರಡು ಸಲ ಕದ್ದುಮುಚ್ಚಿ ಅಗಲ ಮಾಡಿಕೊಟ್ಟಿದ್ದಳು. ಯಾರಿಗೂ ಹೇಳಬೇಡ ಎಂದು ಆಗ ಅವನು ಅವಳ ಕಾಲು ಹಿಡಿಯುವುದೊಂದು ಬಾಕಿ. ಈಗ ಅವಳು ಬಾಯಿ ಬಿಟ್ಟರೆ ಅವನೂ ಆಚೆ. ಮಾತು ತುಟಿಯವರೆಗೆ ಬಂತು. ಆದರೆ ಬಾವಿಯಿಂದ ನೀರು ಸೇದುವ ಶಕ್ತಿ ಇದ್ದವನು ಅವನೊಬ್ಬನೇ, ಹಿಂದೆ ನಿಂತವರೆಲ್ಲ ಪಿಳ್ಳೆಗಳು.

"ಭುಜದ ಹತ್ರ ಹೊಲಿಗೆ ಬಿಡ್ತಾ ಇದೆ. ನೋಡ್ಕೋ" ಎಂದಷ್ಟೇ ಹೇಳಿದಳು. ಬೀಗ ತಲೆ ತಗ್ಗಿಸಿದ.

ಗೇಟು ಮುಚ್ಚಿತು. ಮುಂದೆ ಖಾಲಿ ರಸ್ತೆ, ಬಾಗಿಲು ಹಾರುಹೊಡೆದ ಅಂಗಡಿಗಳು, ಒಂದು ನರಪಿಳ್ಳೆಯೂ ಇಲ್ಲ. ಇನ್ನು ನೆಟ್ಟಗೆ ನಿಂತುಕೋ ಎಂದಳು ಸೂಜಿ. ಅಭ್ಯಾಸ ತಪ್ಪಿದ ಮೊಣಕಾಲು ಗಡಗಡ ನಡುಗಿದವು. ಅಕ್ಕನ ಭುಜ ಹಿಡಿದು ಅವನು ಮೆಲ್ಲಗೆ ಎದ್ದು ನಿಂತ. ಅವಳು ಕತ್ತೆತ್ತಿ ನೋಡಬೇಕಾಯಿತು. ಥೇಟ್ ಅಪ್ಪ. ದುಃಖ ಉಕ್ಕಿ ಬಂತು. ಹೊಸ ಬಟ್ಟೆ ತೊಡಿಸಿದಾಗಲೆಲ್ಲ ಅಮ್ಮ ತಲೆ ಸವರಿ ಹೇಳುತ್ತಿದ್ದ ಮಾತು ತಾನಾಗಿ ನಾಲಿಗೆಗೆ ಬಂತು. ಆ ಮಾತು ನೆನಪಿರಲು ಪುಟ್ಟನಿಗೆ ವಯಸ್ಸೆಲ್ಲಿತ್ತು, ಆಗ ಅವನು ಅಮ್ಮನ ಸೊಂಟ ಇಳಿಯದ ಕೂಸು.

ಸೂಜಿ ಕೈ ಎತ್ತಿ ಅವನ ತಲೆ ಸವರಿದಳು. "ದೊಡ್ಡವನಾಗು ಪುಟ್ಟಾ."

ಹುಡುಗನ ಮುಖ ಕಪ್ಪಿಟ್ಟಿತು. ಮೊಣಕಾಲು ಮತ್ತೆ ಬಗ್ಗಿದವು.

"ನಾನೇನ್ ಮಾಡ್ದೆ ಅಕ್ಕಾ? ನೀನೂ ಯಾಕೆ ಬೈತೀಯ?"