ಅಕ್ಕನ ಮಗಳಿಗೆ ಜೋಡಿಸಿದ ಕಂಪ್ಯೂಟರು

ಅಕ್ಕ ತೀರಿಕೊಂಡಾಗ ಅವಳ ವೈಕುಂಠ ಸಮಾರಾಧನೆಯ ಕಾರ್ಡನ್ನು ಟೈಪ್ ಮಾಡಿದವಳು ನಾನೇ. ಕುಮಟಾದ ಒಂದು ಡಿಟಿಪಿ ಅಂಗಡಿಯಲ್ಲಿ ನನ್ನ ಕೆಲಸ. ಅವತ್ತು ಅಕ್ಕನ ಫೋಟೋ ಸ್ವಲ್ಪ ಕಪ್ಪಾಗಿದೆ ಅನ್ನಿಸಿ ಬೆಳಕು ಹೆಚ್ಚಿಸಿದೆ. ಒಂದು ಕಡೆ ದೀರ್ಘ ತಪ್ಪಿತ್ತು, ತಿದ್ದಿದೆ. ಮಾಲಕರು ಪಕ್ಕಕ್ಕೆ ಬಂದು, "ನೀ ಬಿಡು, ನಾ ಮಾಡ್ತೆ" ಅಂದರು. "ಆತು, ಮುಗೀತು" ಅಂದೆ. ಊರಿನವರು ನನ್ನನ್ನು ಗಟ್ಟಿಗಿತ್ತಿ ಅಂದರು. ಗಟ್ಟಿಯೂ ಅಲ್ಲ, ಎಂತದೂ ಅಲ್ಲ. ಹಲ್ಲು ಕೀಳುವ ಮೊದಲು ಚುಚ್ಚುಮದ್ದು ಕೊಟ್ಟ ದವಡೆಯ ಹಾಗೆ ಇದ್ದೆ. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತಿತ್ತು, ಅಷ್ಟೆ.

ಭಾವ ಭಟ್ಕಳದಲ್ಲಿ ಮೀನಿನ ಲಾರಿ ಓಡಿಸುತ್ತಿದ್ದರು. ಹೋದರೆ ಮೂರು ದಿನ ಮನೆಗಿಲ್ಲ. ಹಾಗಾಗಿ ಅಕ್ಕನ ಮಗಳು, ಏಳು ವರ್ಷದವಳು, ಹಳದೀಪುರಕ್ಕೆ ನಮ್ಮಲ್ಲಿಗೇ ಬಂದಳು. ಮನೆಯಲ್ಲಿ ಅಮ್ಮ, ನಾನು, ಅವಳು. ಹೇಳಿದ್ದನ್ನು ಮಾಡುತ್ತಿದ್ದಳು, ಬಡಿಸಿದ್ದನ್ನು ಉಣ್ಣುತ್ತಿದ್ದಳು. ಮಾತು ಮಾತ್ರ ಇಲ್ಲ. ನನಗೆ ಅದು ಸಲೀಸಾಗಿಯೇ ಇತ್ತು ಅಂತ ಈಗ ಹೇಳಲು ನಾಚಿಕೆಯಾಗುತ್ತದೆ.

ಒಂದು ದಿನ ಶಾಲೆಯಲ್ಲಿ ಅವಳಿಗೆ ಕಲಿಸುವ ಅಕ್ಕೋರು ನನ್ನನ್ನು ಕರೆಸಿದರು. "ಬಂದಾಗ ನೂರರ ತನಕ ಬರೀತಿತ್ತು. ಈಗ ಇಪ್ಪತ್ತಕ್ಕೇ ನಿಂತುಬಿಡ್ತದೆ. ಕಂಪ್ಯೂಟರ್ ಕೋಣೆಯಲ್ಲಿ ಲೆಕ್ಕದ ಆಟ ಹಾಕಿಕೊಟ್ಟರೆ ಮಾತ್ರ ಸ್ವಲ್ಪ ಮುಖ ಎತ್ತುತ್ತದೆ. ಮನೇಲಿ ಒಂದು ಇದ್ರೆ ನೋಡಿ."

ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವಳಾದರೂ ಅದರ ಹೊಟ್ಟೆಯೊಳಗೆ ಎಂತ ಇದೆ ಅಂತ ನಾನು ನೋಡಿದವಳಲ್ಲ. ಮಾಲಕರು ಮೂಲೆಯಲ್ಲಿದ್ದ ಹಳೇ ಕ್ಯಾಬಿನೆಟ್, ಮಾನಿಟರ್, ಕೀಬೋರ್ಡ್, ಸ್ಪೀಕರ್ ತಗೊಂಡು ಹೋಗು ಅಂದರು. ಉಳಿದದ್ದಕ್ಕೆ ಭಟ್ಕಳದ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯ ದಾರಿ ಹೇಳಿದರು. "ಶುಕ್ರವಾರ ಹೋಗಬೇಡ, ಬಾಗಿಲು ಹಾಕಿರ್ತದೆ."

ಭಾನುವಾರ ಹುಡುಗಿಯನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ಭಟ್ಕಳ ಬರುತ್ತಿದ್ದಂತೆ ಅವಳು ಕಿಟಕಿಗೆ ಹಣೆ ಒತ್ತಿಕೊಂಡಳು.

"ಚಿಕ್ಕಿ, ನಮ್ಮನೆ ಈ ಬದಿಗಲ್ವಾ?"

"ಹೌದು."

"ಬೀಗ ಹಾಕಿದೆಯಾ?"

"ಹಾಕಿದೆ. ಅಪ್ಪ ಲಾರಿ ತಗೊಂಡು ಹೋಗಿದ್ದಾರೆ."

ಅಲ್ಲಿಗೆ ಮುಗಿಯಿತು. ಬೇರೆ ಯಾರಾದರೂ ಆಗಿದ್ದರೆ ಅವಳನ್ನು ಹತ್ತಿರ ಎಳೆದುಕೊಳ್ಳುತ್ತಿದ್ದರೇನೋ. ನಾನು ಚಿಲ್ಲರೆ ಸರಿಯಿದೆಯೇ ಅಂತ ಪರ್ಸು ನೋಡಿಕೊಂಡೆ.

ಅಂಗಡಿಯವರು ವಯಸ್ಸಾದವರು. ಫೋನಿನಲ್ಲಿ ನವಾಯತಿ, ಗಿರಾಕಿಗೆ ಉರ್ದು, ನಮಗೆ ಕನ್ನಡ. ಮದರ್‌ಬೋರ್ಡ್, ಪ್ರೊಸೆಸರು, ಪವರ್ ಸಪ್ಲೈ, ರ‍್ಯಾಮು, ಸಣ್ಣದೊಂದು ಡಿಸ್ಕು ಒಂದೊಂದಾಗಿ ಮೇಜಿನ ಮೇಲಿಟ್ಟರು. "ನಾನೇ ಕೂಡಿಸಿ ಕೊಡಲಾ ತಂಗಿ?"

"ಬೇಡ, ಹೇಗಂತ ಹೇಳಿಕೊಡಿ" ಅಂದೆ. ಯಾಕೆ ಹಾಗಂದೆನೋ. ಭಾನುವಾರಗಳು ಉದ್ದ ಇರುತ್ತಿದ್ದವು, ಅದಕ್ಕಿರಬೇಕು.

ಅವರು ಒಂದು ರಟ್ಟಿನ ಚೂರಿನ ಮೇಲೆ ಚಿತ್ರ ಬರೆದು ಯಾವ ವಯರು ಎಲ್ಲಿಗೆ ಅಂತ ತೋರಿಸಿದರು. ನಂತರ ಹುಡುಗಿಯ ಕಡೆ ಬಾಗಿ, "ಅಮ್ಮನ ಜೊತೆ ಬಂದ್ಯಾ?" ಅಂದರು.

"ಇದು ಚಿಕ್ಕಿ" ಅಂದಳು ಅವಳು. ಅವರು ಒಂದು ಪೊಟ್ಟಣ ತಿರುಪು ಹೆಚ್ಚಿಗೆ ಹಾಕಿಕೊಟ್ಟರು.

ಮುಂದಿನ ಭಾನುವಾರ ಊಟವಾದ ಮೇಲೆ ಜಗಲಿಯಲ್ಲಿ ಪೇಪರ್ ಹಾಸಿ ಕೂತೆವು. ಕ್ಯಾಬಿನೆಟ್ಟಿನ ಒಳಗಿಂದ ಹಲ್ಲಿಮೊಟ್ಟೆಯ ಚಿಪ್ಪು, ಹಿಡಿ ಧೂಳು ಬಂತು. ಬೋರ್ಡಿನ ಅಡಿಗೆ ಸಿಗಿಸುವ ಹಿತ್ತಾಳೆಯ ಪುಟ್ಟ ಕಾಲುಗಳನ್ನು ಅವಳ ಬೆರಳೇ ಸರಿಯಾಗಿ ಹಿಡಿಯುತ್ತಿತ್ತು, ನನ್ನದು ಜಾರುತ್ತಿತ್ತು. ಪ್ರೊಸೆಸರಿನ ಮೇಲೆ ಬಿಳಿ ಪೇಸ್ಟ್ ಹಚ್ಚುವಾಗ, "ಹಲ್ಲುಜ್ಜುದಾ?" ಅಂತ ಕೇಳಿದಳು. ಅಮ್ಮ ಒಳಗಿಂದ ಬಂದು ನೋಡಿ ಹೋದಳು.

ಸ್ವಿಚ್ ಹಾಕಿದರೆ ಫ್ಯಾನ್ ತಿರುಗಿತು, ಪರದೆ ಕಪ್ಪು. ಮತ್ತೆ ಹಾಕಿದೆ. ಕಪ್ಪು. ಭಟ್ಕಳಕ್ಕೆ ಫೋನ್ ಮಾಡಿದೆ.

"ಹೆದರಬೇಡ ತಂಗಿ. ಕರೆಂಟ್ ತೆಗಿ, ರ‍್ಯಾಮ್ ಹೊರಗೆ ತೆಗಿ. ಅದರ ಹಳದಿ ಹಲ್ಲನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜು. ಪೆನ್ಸಿಲ್ ಅಳಿಸೋ ರಬ್ಬರು."

ಹುಡುಗಿ ಓಡಿಹೋಗಿ ಕಂಪಾಸು ತಂದಳು. ರಬ್ಬರು ಕೊಟ್ಟಳು. ನಾನು ಉಜ್ಜಲು ಹೊರಟಾಗ ಅವಳು, "ಆ ಬದಿಯಿಂದ ಬೇಡ" ಅಂದಳು.

ತಿರುಗಿಸಿ ನೋಡಿದೆ. ಅದರ ಮೇಲೆ ನೀಲಿ ಪೆನ್ನಿನಲ್ಲಿ ಅವಳ ಹೆಸರಿತ್ತು. ಅಕ್ಕನ ಅಕ್ಷರ. ಶಾಲೆ ಶುರುವಾಗುವಾಗ ಎಲ್ಲದರ ಮೇಲೂ ಹೆಸರು ಬರೆಯುವುದು ಅಕ್ಕನ ಪದ್ಧತಿ. ನಾವು ಚಿಕ್ಕವರಿದ್ದಾಗ ನನ್ನ ಕೊಡೆಯ ಹಿಡಿಯ ಮೇಲೂ ಬರೆದುಕೊಟ್ಟಿದ್ದಳು. ಅಳು ಬರುತ್ತದೆಯೇ ಅಂತ ಕಾದೆ. ಬರಲಿಲ್ಲ. ಹೆಸರಿಲ್ಲದ ಬದಿಯಿಂದ ಉಜ್ಜಿದೆ, ಊದಿದೆ, ಕಿಟಕ್ ಅನ್ನುವ ತನಕ ಒತ್ತಿ ಕೂರಿಸಿದೆ. ಈ ಸಲ ಪೀಂ ಅಂತ ಒಂದು ಸದ್ದಾಗಿ ಪರದೆಯ ಮೇಲೆ ಅಕ್ಷರ ಬಂತು. ಹುಡುಗಿ ರಬ್ಬರನ್ನು ಫ್ರಾಕಿಗೆ ಒರೆಸಿ ಒಳಗಿಟ್ಟಳು.

ಪೆನ್‌ಡ್ರೈವಿನಲ್ಲಿ ತಂದಿದ್ದ ಮಕ್ಕಳ ಆಟಗಳನ್ನು ಹಾಕಿದೆ. ಮೇಲಿಂದ ಬೀಳುವ ಅಕ್ಷರ ನೆಲ ಮುಟ್ಟುವ ಮೊದಲು ಒತ್ತಬೇಕು, ಬುಟ್ಟಿಯಲ್ಲಿ ಎಷ್ಟು ಮೀನು ಅಂತ ಎಣಿಸಬೇಕು. ಸರಿಯಾದರೆ ಯಂತ್ರ ಚಪ್ಪಾಳೆ ತಟ್ಟುತ್ತದೆ. ಅವಳು ಸ್ಪೀಕರಿನ ವಯರು ಕಿತ್ತಳು. "ಅದು ಯಾಕೆ ಚಪ್ಪಾಳೆ ಹೊಡೀತದೆ, ಸುಮ್ನೆ." ಹತ್ತು ನಿಮಿಷ ಆಡಿದಳು. ಆಮೇಲೆ, "ಚಿಕ್ಕಿ, ಬಂದ್ ಮಾಡಿ ಮತ್ತೆ ಬಿಚ್ಚುವನಾ?"

ನಿಜ ಹೇಳಬೇಕೆಂದರೆ ಆ ಆಟಗಳು ಅವಳಿಗೆ ಅಷ್ಟೇನೂ ಹಿಡಿಸಲಿಲ್ಲ. ಹಿಡಿಸಿದ್ದು ಬಿಚ್ಚುವುದು. ಪ್ರತಿ ಭಾನುವಾರ ಬಿಚ್ಚಿದೆವು, ಒರೆಸಿದೆವು, ಜೋಡಿಸಿದೆವು. ಬಿಚ್ಚುವಾಗ ಮಾತಾಡುತ್ತಿದ್ದಳು. ಶಾಲೆಯ ಜಗಳ, ಅಪ್ಪನ ಲಾರಿಯ ವಾಸನೆ, ಒಂದು ಸಲ ಅಮ್ಮನ ಜೊತೆ ಅಪ್ಸರಕೊಂಡಕ್ಕೆ ಹೋಗಿ ಚಪ್ಪಲಿ ಕಳೆದದ್ದು. ನಾನು "ಹ್ಞೂಂ" ಅನ್ನುತ್ತಿದ್ದೆ. ಅವಳಿಗೆ ಅಷ್ಟು ಸಾಕಾಗುತ್ತಿತ್ತು ಅನ್ನಿಸುತ್ತದೆ. ಪರೀಕ್ಷೆಯ ಹೊತ್ತಿಗೆ ಅಕ್ಕೋರು, "ಈಗ ಪರವಾಗಿಲ್ಲ, ಕೈ ಎತ್ತಿ ಉತ್ತರ ಹೇಳ್ತದೆ" ಅಂದರು.

ಬೇಸಿಗೆ ರಜೆಯಲ್ಲಿ ಭಾವನಿಗೆ ಭಟ್ಕಳದಲ್ಲೇ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಅವರ ತಾಯಿಯೂ ಬಂದು ಇರುವುದೆಂದಾಯಿತು. "ಮಗುವನ್ನ ಕರ್ಕೊಂಡು ಹೋಗ್ತೆ" ಅಂದರು. ನ್ಯಾಯವೇ. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಾನು ಮಾನಿಟರಿಗೆ ಹಳೇ ಸೀರೆ ಸುತ್ತಿದೆ.

ಜೋಡಿಸಿಕೊಡಲು ನಾನೂ ಭಟ್ಕಳಕ್ಕೆ ಹೋದೆ. ಆದರೆ ಅವಳು ನನ್ನನ್ನು ಮುಟ್ಟಗೊಡಲಿಲ್ಲ. ಎಲ್ಲ ವಯರೂ ತಾನೇ ಸಿಗಿಸಿ, ಅಜ್ಜಿಗೆ ಯಾವುದು ಎಂತ ಅಂತ ವಿವರಿಸತೊಡಗಿದಳು. ನನ್ನ ಕಡೆ ತಿರುಗಿ, "ಚಿಕ್ಕಿ, ನೀ ಹೊರಡು. ಬಸ್ಸು ಹೋಗ್ತದೆ" ಅಂದಳು. ಹೊರಟೆ.

ವಾಪಸ್ ಬರುವಾಗ ಕಣ್ಣು ಬಿಟ್ಟುಕೊಂಡೇ ಇದ್ದೆ, ನಿದ್ದೆಯೇನಲ್ಲ. ಹೊನ್ನಾವರದ ಸೇತುವೆ ದಾಟಿದ್ದು ನೆನಪಿದೆ. ಆಮೇಲೆ ಕಂಡಕ್ಟರ್ ಬಂದು, "ನಿಮ್ದು ಹಳದೀಪುರ ಅಲ್ವಾ? ಅದು ಯಾವಾಗ್ಲೋ ಹೋತು" ಅಂದ. ಕುಮಟಾದಲ್ಲಿ ಇಳಿದೆ. ಭಾನುವಾರ, ನಮ್ಮ ಅಂಗಡಿಯೂ ಬಾಗಿಲು ಹಾಕಿತ್ತು.

ಅಮ್ಮ ಫೋನ್ ಮಾಡಿದಳು. "ಎಲ್ಲಿದ್ದೆ?"

"ಕುಮಟಾದಲ್ಲಿ."

"ಎಂತಕ್ಕೆ?"

"ಗೊತ್ತಿಲ್ಲ. ಇಳಿಯುದು ಮರೆತುಹೋಯ್ತು."

"ಅಲ್ಲೇ ಎಂತಾದ್ರೂ ತಿಂದು ಬಾ. ನಿಧಾನ ಬಾ."

ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಬನ್ಸ್ ತರಿಸಿದೆ. ಮುಗಿದ ಮೇಲೆ ಇನ್ನೊಂದು ಪ್ಲೇಟು ಹೇಳಿದೆ. ಎಷ್ಟೋ ತಿಂಗಳಿನಿಂದ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೆನಾದರೂ ಹಸಿದು ಉಂಡಿರಲಿಲ್ಲ. ಅವತ್ತು ಹಸಿವೆಯಾಗಿತ್ತು. ತಿಂದು, ಕೈತೊಳೆದು, ಹಳದೀಪುರದ ಮೇಲೆ ಹೋಗುವ ಹೊನ್ನಾವರದ ಬಸ್ಸಿಗೆ ಕಾಯುತ್ತ ಕೂತೆ.