ಅಗಿಯಲು ಏನೂ ಇಲ್ಲದ ಬಾಯಿ

ನಮ್ಮ ಮನೆಯಲ್ಲಿ ಎಲೆ-ಅಡಿಕೆ ಹಾಕುವವರು ಯಾರೂ ಇಲ್ಲ. ಆದರೂ ಹೊಸಪೇಟೆಯ ನಮ್ಮ ಓಣಿಯವರೆಲ್ಲ, ಕಟ್ಟೆಯ ಮೇಲೆ ಕೂತ ನನ್ನ ಅಕ್ಕ ನೀಲಮ್ಮ ದಿನವಿಡೀ ಎಲೆ ಮೆಲ್ಲುತ್ತಾಳೆಂದೇ ನಂಬಿದ್ದಾರೆ. ಅವಳ ಬಾಯಲ್ಲಿ ಏನೂ ಇರುವುದಿಲ್ಲ, ನೋಡಿ. ದವಡೆ ತನ್ನಷ್ಟಕ್ಕೆ ತಾನೇ ಅಗಿಯುತ್ತದೆ, ನಾಲಿಗೆ ತುಟಿಯನ್ನು ತಡವಿ ಒಳಗೋಡುತ್ತದೆ. ಮಧ್ಯಾಹ್ನ ನಿದ್ದೆ ಹತ್ತಿದಾಗಷ್ಟೇ ಆ ಮುಖಕ್ಕೆ ಬಿಡುವು. ಅನ್ನದಲ್ಲಿ ವಿಷವಿದೆಯೆಂದು ತಟ್ಟೆ ದೂಡುತ್ತಿದ್ದ, ಇಲ್ಲದ ದನಿಗಳಿಗೆ ಕಿವಿಗೊಟ್ಟು ನಡುಗುತ್ತಿದ್ದ ಅಕ್ಕನನ್ನು ನಮಗೆ ಮರಳಿ ಕೊಟ್ಟದ್ದು ಮನೋವೈದ್ಯರ ಗುಳಿಗೆ. ವರ್ಷಗಟ್ಟಲೆ ನುಂಗಿದ ಮೇಲೆ ಈ ಚಲನೆಯನ್ನು ಅಂಟಿಸಿದ್ದೂ ಅದೇ ಗುಳಿಗೆ. ಇದೆಂಥ ನ್ಯಾಯವೋ ನಾ ಕಾಣೆ.

ಈ ಸಲ ಶಿವರಾತ್ರಿಗೆ ಕಂಪ್ಲಿಯ ದೊಡ್ಡವ್ವನ ಮನೆಗೆ ಹೋಗಿದ್ದೆವು. ಅಂದು ಪೂಜೆ ಮುಗಿಯುವವರೆಗೆ ಏನನ್ನೂ ಬಾಯಿಗೆ ಹಾಕದೆ ಹೆಂಗಸರೆಲ್ಲ ಸಾಲಾಗಿ ಕೂರುವುದು ಆ ಮನೆಯ ಪದ್ಧತಿ. ದೊಡ್ಡವ್ವ ಅಕ್ಕನ ಮುಖ ನೋಡಿದ್ದೇ ತಡ, ಎಲ್ಲರೆದುರು, "ಉಪವಾಸದ ದಿನಾನೂ ಎಲಿ ಹಾಕ್ಕೊಂಡು ಕುಂತಿಯೇನ? ಏಳು, ಹೊರಗ ಉಗುಳಿ ಬಾ" ಅಂದುಬಿಟ್ಟಳು. ಅಕ್ಕ ಮಗುವಿನಂತೆ ಬಾಯಿ ತೆರೆದು ತೋರಿಸಿದಳು. ನೋಡಿದವರು ಮುಖ ತಿರುಗಿಸಿಕೊಂಡರು.

ಬಸ್ಸಿನಲ್ಲಿ ಮರಳುವಾಗ ಸೆರಗನ್ನು ಬಾಯಿಗೆ ಒತ್ತಿಕೊಂಡೇ ಅವಳು, "ನಾಳಿಂದ ಗುಳಿಗಿ ಬ್ಯಾಡ ನನಗ" ಎಂದಳು.

"ಗುಳಿಗಿ ಬಿಟ್ರ ಮತ್ತ ಅನ್ನಾನೂ ಬಿಡ್ತಿ ನೀ. ನಾ ಜೀವಂತ ಇರೋತನ ಹಂಗ ಆಗಾಕ ಬಿಡಂಗಿಲ್ಲ" ಎಂದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದುಂಟೇ?

ಮರುದಿನವೇ ವೈದ್ಯರ ಬಳಿ ಕರೆದೊಯ್ದೆ. ಅವರು ಅವಳ ನಾಲಿಗೆ, ಬೆರಳು, ನಡಿಗೆ ಎಲ್ಲ ನೋಡಿ, "ನೀವಾಗೇ ನಿಲ್ಲಿಸಬ್ಯಾಡ್ರಿ, ನಿಧಾನಕ್ಕ ಬದಲಿ ಮಾಡೋಣು. ಕಡಿಮಿ ಆಗಬಹುದು, ಪೂರಾ ಹೋಗ್ತೈತಿ ಅಂತ ಮಾತು ಕೊಡಂಗಿಲ್ಲ" ಎಂದರು. ಮಾತು ಕೊಡದ ಆ ಮನುಷ್ಯನ ಮೇಲೆಯೇ ನನಗೆ ನಂಬಿಕೆ ಹುಟ್ಟಿತು.

ಗುಳಿಗೆ ಬದಲಾಗಿ ತಿಂಗಳುಗಳು ಕಳೆದಿವೆ. ದವಡೆಯ ಆಟ ತುಸು ತಗ್ಗಿದೆ, ನಿಂತಿಲ್ಲ. ನಿಲ್ಲದಿದ್ದರೆ ಬೇಡ ಬಿಡಿ; ಬಾಯಿ ಸುಮ್ಮನಿರದವರು ಊರ ತುಂಬ ಇದ್ದಾರೆ, ಅವರ ಕಾಯಿಲೆಗೆ ಇನ್ನೂ ಯಾರೂ ಗುಳಿಗೆ ಬರೆದುಕೊಟ್ಟಿಲ್ಲ. ಕೇಳಿದವರಿಗೆಲ್ಲ ನಾನು ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಮುಚ್ಚಿಟ್ಟರೆ ತಪ್ಪು ಮಾಡಿದವಳು ಅಕ್ಕನೇ ಎಂದಂತಾಗುತ್ತದೆ.

ಶ್ರಾವಣ ಸೋಮವಾರದ ಪೂಜೆಗೆ ಕಂಪ್ಲಿಯಿಂದ ಮತ್ತೆ ಕರೆ ಬಂತು. ನಾನು ಹೋಗುವುದು ಬೇಡವೆನ್ನುವಷ್ಟರಲ್ಲಿ ಅಕ್ಕ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. ಅಲ್ಲಿ ಅದೇ ಸಾಲು, ಅದೇ ದೊಡ್ಡವ್ವನ ಅದೇ ನೋಟ. ಜಗಳಕ್ಕೆಂದೇ ಸೆರಗು ಸಿಕ್ಕಿಸಿಕೊಂಡು ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಮಾತಾಡಿದಳು, ದವಡೆ ಆಡುತ್ತಿದ್ದಂತೆಯೇ:

"ಬಾಯಾಗ ಏನೂ ಇಲ್ಲ, ದೊಡ್ಡವ್ವ. ಗುಳಿಗಿಯಿಂದ ಹಿಂಗಾಗೈತಿ. ಗುಳಿಗಿ ಇರದಿದ್ರ ನಾ ನಿಮ್ಮ ನಡುವ ಕುಂದ್ರಾಕ ಆಗ್ತಿದ್ದಿಲ್ಲ. ಅತ್ತಾಗ ಸರಿ, ಜಾಗ ಮಾಡು."

ದೊಡ್ಡವ್ವ ಸರಿದು ಕೂತಳು.